ಒಂದು ನಿಮಿಷದ ಉಕ್ತಲೇಖನ

ಮೊನ್ನೆ ರಾತ್ರಿ ಹತ್ತೂವರೆಗೆ ಮೊಮ್ಮಗಳ ಫೋನು ಬಂತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಅವಳಿಗಿನ್ನೂ ನಾಲ್ಕು ತಿಂಗಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಗದಗಿನಲ್ಲೇ ನರ್ಸಿಂಗ್. ಅವಳ ದನಿ ಕೇಳಿದ ಕೂಡಲೇ ಏನೋ ಆಗಿದೆ ಅಂತ ತಿಳಿಯಿತು.

"ಅಜ್ಜಾ, ಪುಸ್ತಕದಾಗ ಇದ್ರ ಎಲ್ಲಾ ತಿಳೀತೈತಿ. ಡಾಕ್ಟರು ಫೋನಿನ್ಯಾಗ ಹೇಳಿದ್ರ ಅರ್ಧಾ ತಲಿಗೇ ಹೋಗಂಗಿಲ್ಲ. ಇವತ್ತ ಫಿಫ್ಟೀನ್ ಅಂದ್ರೋ ಫಿಫ್ಟಿ ಅಂದ್ರೋ ಗೊತ್ತಾಗ್ಲಿಲ್ಲ. ಮತ್ತ ಕೇಳಾಕ ನಾಚಿಕಿ ಬಂತು. ಕಡೀಕ ದೊಡ್ಡ ಸಿಸ್ಟರ್‌ನ ಕೇಳಿ ಬರಕೊಂಡೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ದಿನಾ ಬಸ್ಸಿನ್ಯಾಗ ಎರಡ ತಾಸು ಇಂಗ್ಲಿಷ್ ಆಡಿಯೋ ಕೇಳ್ತೀನಿ. ಎರಡ ತಿಂಗಳಾತು. ಏನೂ ಉಪಯೋಗ ಆಗವಲ್ದು."

ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. "ಆಗ್ತೈತಿ ತಂಗಿ, ಧೈರ್ಯಾ ಬಿಡಬ್ಯಾಡ" ಅಂತ ಹೇಳಿ ಫೋನ್ ಇಟ್ಟೆ. ಧೈರ್ಯ ಹೇಳುವುದೇನೂ ಕಷ್ಟವಲ್ಲ, ಆದರೆ ಅವಳಿಗೆ ಬೇಕಾಗಿದ್ದುದು ದಾರಿ. ಅದು ಫೋನಿನಲ್ಲಿ ಹೇಳಿ ಮುಗಿಯುವಂಥದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಅವಳ ಹಾಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಂಗ್ಲಿಷಿನ ಹಿಂದೆ ಬಿದ್ದಿರುವ ಬೇರೆ ಮಕ್ಕಳೂ ಓದಿಕೊಂಡರೆ ಸಂತೋಷ.

ತಂಗಿ, ಮೊದಲು ಆ ಹದಿನೈದು-ಐವತ್ತರ ವಿಷಯ ಮುಗಿಸೋಣ, ಅದು ಕಾಯುವಂಥದಲ್ಲ. ಫಿಫ್ಟೀನ್ ಅನ್ನುವಾಗ ಒತ್ತು ಕೊನೆಯ 'ಟೀನ್' ಮೇಲೆ ಬೀಳುತ್ತದೆ, ಫಿಫ್ಟಿ ಅನ್ನುವಾಗ ಮೊದಲ 'ಫಿಫ್' ಮೇಲೆ. ಆದರೆ ಇದನ್ನು ನಂಬಿ ಕೂರಬೇಡ. 'ಫಿಫ್ಟೀನ್ ಮಿಲಿಗ್ರಾಂ' ಅಂತ ಮುಂದೊಂದು ಪದ ಬಂದರೆ ಆ ಒತ್ತು ಹಿಂದಕ್ಕೆ ಸರಿಯುವುದೂ ಉಂಟು. ಇಂಗ್ಲಿಷನ್ನೇ ಹಾಲಿನ ಜೊತೆ ಕುಡಿದವರೂ ಇಲ್ಲಿ ಮೋಸ ಹೋಗುತ್ತಾರೆ. ಆದ್ದರಿಂದ ಫೋನಿನಲ್ಲಿ ಯಾವ ಅಂಕಿ ಕೇಳಿಸಿದರೂ ಬಿಡಿಬಿಡಿಯಾಗಿ ತಿರುಗಿ ಹೇಳು: 'ಒನ್ ಫೈವ್, ಡಾಕ್ಟರ್?' ಅವರು ಹೌದು ಅಂದಮೇಲೆ ಬರೆದುಕೋ. ಹೇಳಿದ್ದನ್ನು ಹೇಳಿದವರಿಗೇ ಓದಿ ಖಚಿತ ಮಾಡಿಕೊಳ್ಳುವುದು ನಿನ್ನ ಕೆಲಸದ ಒಂದು ಭಾಗ, ದಡ್ಡತನದ ಗುರುತು ಅಂತ ತಿಳಿಯಬೇಡ. ರೋಗಿಯ ಜೀವಕ್ಕಿಂತ ನಮ್ಮ ನಾಚಿಕೆ ದೊಡ್ಡದಲ್ಲ.

ಇನ್ನು ನಿನ್ನ ಕಿವಿಯ ವಿಷಯ. ನಿನ್ನ ಕಿವಿಯಲ್ಲಿ ಯಾವ ದೋಷವೂ ಇಲ್ಲ. ನಾವೆಲ್ಲ ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು. ನಮ್ಮ ಗುರುಗಳು ಪಾಠದ ಒಂದು ಸಾಲು ಓದುತ್ತಿದ್ದರು, ಅದರ ಅರ್ಥ ಕನ್ನಡದಲ್ಲಿ ಹೇಳುತ್ತಿದ್ದರು, ನಾವು ಆ ಪದದ ತಲೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆವು. ನಾನೂ ನನ್ನ ಮಕ್ಕಳಿಗೆ ಹಾಗೇ ಕಲಿಸಿದೆ. ಪದವೆಂದರೆ ಹಾಳೆಯ ಮೇಲೆ ಎರಡು ಖಾಲಿ ಜಾಗಗಳ ನಡುವೆ ಇರುವ ವಸ್ತು ಅಂತ ತಿಳಿದುಕೊಂಡೆವು. ಆಡುವ ಮಾತಿನಲ್ಲಿ ಆ ಖಾಲಿ ಜಾಗವೇ ಇರುವುದಿಲ್ಲ.

ಎಂಟನೆಯ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ ಸಂಧಿ ನೆನಪಿದೆಯಲ್ಲ? ಊರು, ಅಲ್ಲಿ ಸೇರಿದರೆ ಊರಲ್ಲಿ: ಲೋಪ. ಮನೆ, ಅನ್ನು ಸೇರಿದರೆ ಮನೆಯನ್ನು: ಯಕಾರಾಗಮ. ಗುರು, ಅನ್ನು ಸೇರಿದರೆ ಗುರುವನ್ನು: ವಕಾರಾಗಮ. ಮಳೆ, ಕಾಲ ಸೇರಿದರೆ ಮಳೆಗಾಲ: ಆದೇಶ. ಈಗ ಇಂಗ್ಲಿಷಿಗೆ ಬಾ. 'ಸೀ ಇಟ್' ಅವರ ಬಾಯಲ್ಲಿ 'ಸೀಯಿಟ್' ಆಗುತ್ತದೆ. 'ಗೋ ಆನ್' ಹೋಗಿ 'ಗೋವಾನ್'. 'ನೆಕ್ಸ್ಟ್ ಡೇ' ಅನ್ನುವಾಗ ನಡುವಿನ ಟಕಾರ ಬಿದ್ದುಹೋಗಿ 'ನೆಕ್ಸ್‌ಡೇ'. 'ಡಿಡ್ ಯು' ಅನ್ನುವುದು 'ಡಿಜು'. ಎರಡು ಆಗಮ, ಒಂದು ಲೋಪ, ಒಂದು ಆದೇಶ. ನಮ್ಮ ವ್ಯಾಕರಣದ ಮೇಷ್ಟ್ರು ಕೇಳಿದ್ದರೆ ಇಷ್ಟಕ್ಕೇ ನಾಲ್ಕು ಅಂಕ ಕೊಡುತ್ತಿದ್ದರು. ನಾವು ಸಂಧಿಯನ್ನು ಬರವಣಿಗೆಯಲ್ಲೂ ಕೂಡಿಸಿ ಬರೆಯುತ್ತೇವೆ. ಅವರು ಬಿಡಿಸಿ ಬರೆಯುತ್ತಾರೆ, ಕೂಡಿಸಿ ಆಡುತ್ತಾರೆ. ನೀನು ಬಿಡಿಸಿ ಬರೆದಿದ್ದನ್ನು ಕಲಿತು, ಕೂಡಿಸಿ ಆಡಿದ್ದನ್ನು ಕೇಳಲು ಹೋಗಿದ್ದೀಯ. 'ಗಿವ್ ಇಟ್ ಆಫ್ಟರ್ ಫುಡ್' ಅಂತ ನಾಲ್ಕು ಪದ ಬರಲಿ ಅಂತ ಕಾಯುತ್ತೀಯ. ಬರುವುದು 'ಗಿವಿಟಾಫ್ಟಫುಡ್' ಅನ್ನುವ ಒಂದೇ ಮುದ್ದೆ.

ಇನ್ನೊಂದು ತೊಡಕಿದೆ. ಕನ್ನಡದ ಬಾಯಿ ಅಕ್ಷರಗಳಿಗೆ ಪಂಕ್ತಿಭೇದ ಮಾಡುವುದಿಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಎಲ್ಲರ ಎಲೆಗೂ ಅವರವರ ಪಾಲು ಬೀಳುತ್ತದೆ. ಇಂಗ್ಲಿಷ್ ಹಾಗಲ್ಲ. ಒಂದು ಅಕ್ಷರಕ್ಕೆ ಹೋಳಿಗೆ ಬಡಿಸಿ, ಉಳಿದವಕ್ಕೆ ಉಪ್ಪಿನಕಾಯಿ ತೋರಿಸಿ ಮುಂದೆ ಹೋಗುತ್ತದೆ. ಫೋಟೋಗ್ರಾಫ್ ಅನ್ನುವಾಗ ಹೋಳಿಗೆ 'ಫೋ'ಗೆ. ಫೋಟೋ ತೆಗೆಯುವವನನ್ನು ಕರೆಯುವಾಗ ಅದು 'ಟಾ'ಗೆ ಹೋಗುತ್ತದೆ: 'ಫಟಾಗ್ರಫರ್'. ಫೋಟೋಗ್ರಾಫಿಕ್ ಅನ್ನುವಾಗ 'ಗ್ರಾ'ಗೆ. ಪಾಲು ಸಿಗದ ಅಕ್ಷರಗಳು 'ಅ' ಅನ್ನುವಂಥ ಒಂದು ಸಣ್ಣ ಉಸಿರಾಗಿ ಸೊರಗಿಹೋಗುತ್ತವೆ. ಆಫ್, ಟು, ಹ್ಯಾವ್, ಕ್ಯಾನ್ ಇವೆಲ್ಲ ಹಾಗೆ ಸೊರಗುವ ಬಡಪಾಯಿ ಪದಗಳು. 'ಕಪ್ ಆಫ್ ಟೀ' 'ಕಪ್ಪಟೀ' ಆಗುತ್ತದೆ. 'ಕ್ಯಾನ್' ಬರೀ 'ಕ್‌ನ್' ಆಗುತ್ತದೆ. ಇಲ್ಲೊಂದು ಗುಟ್ಟು ಹೇಳುತ್ತೇನೆ. ರೆಕಾರ್ಡಿಂಗಿನಲ್ಲಿ ಆ ಪದ ವಾಕ್ಯದ ನಡುವೆ ತುಂಬು ಸ್ವರದಿಂದ, ಒತ್ತಿ ಕೇಳಿಸಿತೆಂದರೆ ಕಿವಿ ನಿಮಿರಿಸು. ಬಹಳ ಸಲ ಅದು 'ಆಗುವುದಿಲ್ಲ' ಅನ್ನುವ 'ಕ್ಯಾಂಟ್' ಆಗಿರುತ್ತದೆ. ಕೊನೆಯ ಟಕಾರ ಕೇಳಿಸುವುದೇ ಇಲ್ಲ. ಒಂದು ಸ್ವರದ ಮೇಲೆ ಹೌದು-ಅಲ್ಲ ನಿಂತಿರುತ್ತದೆ.

ಇಷ್ಟೆಲ್ಲ ತಿಳಿದವನ ಹಾಗೆ ಬರೆಯುತ್ತಿದ್ದೇನಲ್ಲ, ಇದು ನನಗೆ ತಿಳಿದದ್ದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಿನ್ನ ಅಜ್ಜಿಗೂ ನಾನಿದನ್ನು ಪೂರ್ತಿ ಹೇಳಿರಲಿಲ್ಲ.

1986ರಲ್ಲಿ ನಮ್ಮ ಶಾಲೆಗೆ ಒಂದು ಟೇಪ್ ರೆಕಾರ್ಡರು, ಇಂಗ್ಲಿಷ್ ಪಾಠದ ಆರು ಕ್ಯಾಸೆಟ್ಟು ಬಂದವು. ನಾನಾಗ ಊರಿನಲ್ಲಿ 'ಇಂಗ್ಲಿಷ್ ಮಾಸ್ತರು' ಅಂತ ಹೆಸರು ಮಾಡಿದ್ದವನು. ಒಂಬತ್ತನೆಯ ತರಗತಿಯಲ್ಲಿ ಉತ್ಸಾಹದಿಂದ ಹಚ್ಚಿದೆ. ಪಾಠದಲ್ಲಿ 'ಕಂಫರ್ಟೇಬಲ್' ಅಂತ ಒಂದು ಪದ. ಹಿಂದಿನ ವಾರವಷ್ಟೇ ಮಕ್ಕಳಿಗೆ ನಾಲ್ಕು ತುಂಡು ಮಾಡಿ, 'ಟೇಬಲ್' ಅನ್ನುವುದನ್ನು ಮೇಜು ಕುಟ್ಟಿ ತೋರಿಸಿ, ಒಕ್ಕೊರಲಿನಿಂದ ಹೇಳಿಸಿದ್ದೆ. ಕ್ಯಾಸೆಟ್ಟಿನವನು 'ಕಂಫ್ಟಬಲ್' ಅಂದುಬಿಟ್ಟ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಕೀಟಲೆಯ ಹುಡುಗನಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ: "ಸರ, ಟೇಪಿನ್ಯಾಗಿನವರು ತಪ್ಪ ಹೇಳಾಕತ್ತಾರೇನ್ರಿ?"

ನಾನು "ಹೌದಪಾ, ಟೇಪ್ ಹಳೇದೈತಿ, ಅಕ್ಷರ ನುಂಗತೈತಿ" ಅಂದೆ.

ಆ ದಿನ ಟೇಪ್ ರೆಕಾರ್ಡರಿಗೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಮಕ್ಕಳು ಕೆಡಿಸುತ್ತಾರೆ ಅಂತ ಹೆಡ್‌ಮಾಸ್ತರಿಗೆ ಹೇಳಿದೆ. ನಾಲ್ಕು ವರ್ಷ ಅದು ಹೊರಗೆ ಬರಲಿಲ್ಲ. ನನಗೆ ಗೊತ್ತಿತ್ತು, ಆ ಪೆಟ್ಟಿಗೆ ಹೊರಗೆ ಬಂದರೆ ನನ್ನ ಪೆಟ್ಟಿಗೆಯೂ ಬಿಚ್ಚಿಕೊಳ್ಳುತ್ತದೆ.

1990ರಲ್ಲಿ ನನ್ನನ್ನು ಒಂದು ತಿಂಗಳ ತರಬೇತಿಗೆ ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ಗೆ ಕಳಿಸಿದರು. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗಾಗಿಯೇ 1963ರಲ್ಲಿ ಆದ ಸಂಸ್ಥೆ ಅದು. ಅಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಒಂದು ಪ್ಯಾರಾ ಓದಿಸಿ, ರೆಕಾರ್ಡ್ ಮಾಡಿ, ನಮಗೇ ಕೇಳಿಸಿದರು. ತಂಗಿ, ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವನು 'ವೋನ್ಲಿ' ಅನ್ನುತ್ತಿದ್ದ, 'ಯೆಂಡ್' ಅನ್ನುತ್ತಿದ್ದ, 'ಇಸ್ಕೂಲ್' ಅನ್ನುತ್ತಿದ್ದ. ನಾವು ಕನ್ನಡದವರು ಮಾತಾಡುವಾಗ 'ಒಂದು' ಅನ್ನುವುದನ್ನು 'ವೊಂದು' ಅಂತಲೂ 'ಎಲ್ಲಿ' ಅನ್ನುವುದನ್ನು 'ಯೆಲ್ಲಿ' ಅಂತಲೂ ಶುರು ಮಾಡುತ್ತೇವಲ್ಲ, ಅದೇ ಬಾಯಿ ಇಂಗ್ಲಿಷಿಗೂ ಹೋಗಿತ್ತು. ಯಾರೂ ನನ್ನನ್ನು ತಿದ್ದಲಿಲ್ಲ, ತಿದ್ದುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಆ ಪೆಟ್ಟಿಗೆ ನನ್ನದೇ ದನಿಯಲ್ಲಿ ಎಲ್ಲವನ್ನೂ ಹೇಳಿತ್ತು.

ಊರಿಗೆ ಬಂದು ಕಪಾಟಿನ ಕೀಲಿ ತೆಗೆದೆ. ಕ್ಯಾಸೆಟ್ಟಿನ ರೀಲು ಸಡಿಲಾಗಿತ್ತು, ಪೆನ್ಸಿಲ್ ತೂರಿಸಿ ಸುತ್ತಿದೆ. ತರಗತಿಯಲ್ಲಿ "ಟೇಪ್ ಸರಿ ಐತಿ, ತಪ್ಪು ನಂದು" ಅಂತ ಹೇಳಿದೆ. ಆದರೆ ಕೇಳಿದ ಆ ಹುಡುಗ ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋಗಿದ್ದ. ಅವನಿಗೆ ಹೇಳಬೇಕಾದ ಉತ್ತರವನ್ನು ಬೇರೆ ಮಕ್ಕಳಿಗೆ ಹೇಳಿದೆ. ಅದಕ್ಕೇ ಈಗ ನಿನಗೆ ಹೇಳುತ್ತಿದ್ದೇನೆ: ಮತ್ತೆ ಕೇಳಲು ನಾಚಿಕೊಂಡರೆ ಒಂದು ನಿಮಿಷ ಕಷ್ಟ ತಪ್ಪುತ್ತದೆ, ನಾಲ್ಕು ವರ್ಷ ಕೈಬಿಟ್ಟು ಹೋಗುತ್ತದೆ.

ಈಗ ನಿನ್ನ ಬಸ್ಸಿನ ಎರಡು ತಾಸಿಗೆ ಬರೋಣ. ಎರಡು ತಾಸು ಕೇಳುತ್ತೀಯ, ಸರಿ. ಆದರೆ ಕಿಟಕಿ ನೋಡುತ್ತ, ನಿದ್ದೆ ತೂಗುತ್ತ, ಮೊಬೈಲಿನಲ್ಲಿ ಮೆಸೇಜು ನೋಡುತ್ತ ಕೇಳಿದ್ದು ಕಲ್ಲಿನ ಮೇಲೆ ಸುರಿದ ಮಳೆ. 'ಮಲಗಿದಾಗ ಕೇಳಿದರೂ ಇಂಗ್ಲಿಷ್ ಬರುತ್ತದೆ', 'ಮೂವತ್ತೇ ದಿನ ಸಾಕು' ಅನ್ನುವವರ ಜಾಹೀರಾತು ನಂಬಬೇಡ. ದನಿ ಕೇಳಿಸಿಕೊಂಡು ಭಾಷೆ ಕಲಿಯುವ ಮಾರ್ಗವೇನೂ ಹೊಸದಲ್ಲ. ಲಂಡನ್ನಿನ ಲಿಂಗ್ವಾಫೋನ್ ಕಂಪನಿ 1901ರಲ್ಲೇ ಈ ವ್ಯಾಪಾರ ಶುರು ಮಾಡಿತ್ತು. ಬಿಬಿಸಿ 1943ರಿಂದ ರೇಡಿಯೋದಲ್ಲಿ ಇಂಗ್ಲಿಷ್ ಕಲಿಸುತ್ತ ಬಂದಿದೆ. ಇಷ್ಟು ವರ್ಷಗಳಲ್ಲಿ ಯಂತ್ರ ಬದಲಾಯಿತು. ಕಲಿಯುವವರ ಪಾಲಿನ ಕೆಲಸ ಮಾತ್ರ ಅಷ್ಟೇ ಉಳಿದಿದೆ.

ಹಾಗಾದರೆ ಏನು ಕೇಳಬೇಕು? ನನಗೆ ಇಂಗ್ಲಿಷ್ ಮೊದಲ ಸಲ ಕಿವಿಯಿಂದ ತಿಳಿದದ್ದು ಯಾವಾಗ ಗೊತ್ತೇ? 1971ರ ಆಗಸ್ಟಿನಲ್ಲಿ, ಓವಲ್ ಟೆಸ್ಟಿನ ರೇಡಿಯೋ ಕಾಮೆಂಟರಿಯಲ್ಲಿ. ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಮಲಗಿಸಿದ ಇನಿಂಗ್ಸ್ ಅದು. ಟ್ರಾನ್ಸಿಸ್ಟರಿನ ಕೊರಕೊರದ ನಡುವೆ ಕಾಮೆಂಟರಿಯವರ ಅರ್ಧ ಮಾತು ಕಳೆದುಹೋಗುತ್ತಿತ್ತು. ಆದರೂ ನನಗೆ ತಿಳಿಯುತ್ತಿತ್ತು. ಸ್ಕೋರು ಗೊತ್ತಿತ್ತು, ಯಾರು ಬೌಲು ಮಾಡುತ್ತಿದ್ದಾರೆ ಗೊತ್ತಿತ್ತು, ಮುಂದೆ ಏನೇನು ಆಗಬಹುದು ಅನ್ನುವುದೂ ಗೊತ್ತಿತ್ತು. ಗೊತ್ತಿದ್ದ ಆಟ ಗೊತ್ತಿಲ್ಲದ ಭಾಷೆಯನ್ನು ಕೈಹಿಡಿದು ಒಳಗೆ ತಂದಿತು. ಅದೇ ದಿನಗಳಲ್ಲಿ ನಾನು ಇಂಗ್ಲಿಷ್ ವಾರ್ತೆ ಕೇಳಿದರೆ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ.

ಆದ್ದರಿಂದ ನಿನಗೆ ಗೊತ್ತಿರುವ ವಿಷಯದಿಂದ ಶುರು ಮಾಡು. ಬಿಪಿ, ಸಕ್ಕರೆ ಕಾಯಿಲೆ, ಡೆಂಗಿ, ಗಾಯದ ಡ್ರೆಸ್ಸಿಂಗ್, ಬಾಣಂತಿಯ ಆರೈಕೆ, ಇಂಥವುಗಳ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಹುಡುಕು. ಅರ್ಧ ಅರ್ಥ ನಿನ್ನ ತಲೆಯಲ್ಲಿ ಮೊದಲೇ ಇರುತ್ತದೆ, ಕಿವಿಗೆ ಉಳಿದರ್ಧದ ಭಾರವಷ್ಟೇ. ವೇಗ ಹೆಚ್ಚಾಯಿತು ಅನ್ನಿಸಿದರೆ ವಾಯ್ಸ್ ಆಫ್ ಅಮೆರಿಕದವರು ಕಲಿಯುವವರಿಗೆಂದೇ ಮಾಡಿದ ಹಳೆಯ ಕಾರ್ಯಕ್ರಮಗಳನ್ನು ಹುಡುಕಿ ನೋಡು. 1959ರಲ್ಲಿ ಅವರು 'ಸ್ಪೆಷಲ್ ಇಂಗ್ಲಿಷ್' ಅಂತ ಶುರು ಮಾಡಿದರು: ಸುಮಾರು 1500 ಪದಗಳೊಳಗೆ, ಸಣ್ಣ ಸಣ್ಣ ವಾಕ್ಯಗಳಲ್ಲಿ, ಮಾಮೂಲಿ ವೇಗದ ಮೂರರಲ್ಲಿ ಎರಡು ಪಾಲಿನಷ್ಟು ನಿಧಾನವಾಗಿ. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಇದೆ, ಅದರಲ್ಲಿ ಆಡಿದ ಮಾತೆಲ್ಲ ಬರೆದೂ ಸಿಗುತ್ತದೆ. ಕಥೆ ಬೇಕೆಂದರೆ ಲಿಬ್ರಿವಾಕ್ಸ್ ಅಂತ ಒಂದಿದೆ. ಹಕ್ಕು ಮುಗಿದ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಕೊಡುತ್ತಾರೆ. ಆದರೆ ಅಲ್ಲಿಯ ಭಾಷೆ ನೂರು ವರ್ಷ ಹಿಂದಿನದು, ವಾರ್ಡಿನಲ್ಲಿ ಉಪಯೋಗಕ್ಕೆ ಬರದು. ಅದನ್ನು ರಜೆಗೆ ಇಟ್ಟುಕೋ. ಯಾವುದನ್ನೇ ಆರಿಸು, ಆಡಿದ ಮಾತು ಬರಹದಲ್ಲಿ ಸಿಗುವಂಥದೇ ಇರಲಿ. ಏಕೆಂಬುದು ಈಗ ಹೇಳುವ ವಿಧಾನದಲ್ಲಿದೆ.

ದಿನಕ್ಕೆ ಒಂದು ನಿಮಿಷದ ತುಣುಕು ಸಾಕು. ಎರಡು ತಾಸು ಬೇಡ.

ಆ ಒಂದು ನಿಮಿಷವನ್ನು ಬರಹ ನೋಡದೆ ಮೂರು ಸಲ ಕೇಳು. ಮೊದಲ ಸಲ ವಿಷಯ ಏನು ಅಂತ ತಿಳಿದರೆ ಸಾಕು. ಆಮೇಲೆ ನೋಟ್‌ಬುಕ್ ತೆಗೆ. ಪ್ರಾಥಮಿಕ ಶಾಲೆಯಲ್ಲಿ ಉಕ್ತಲೇಖನ ಬರೆಸುತ್ತಿದ್ದರಲ್ಲ, ಅದೇ. ಒಂದು ವಾಕ್ಯ ಕೇಳು, ನಿಲ್ಲಿಸು, ಬರೆ. ತಿಳಿಯದಿದ್ದರೆ ಹತ್ತು ಸೆಕೆಂಡು ಹಿಂದೆ ಹೋಗುವ ಗುಂಡಿ ಒತ್ತು. ನಮ್ಮ ಕಾಲದಲ್ಲಿ ಅದಕ್ಕಾಗಿ ಟೇಪನ್ನು ಹಿಂದಕ್ಕೆ ಓಡಿಸಿ, ಹೆಚ್ಚಾಗಿ, ಮತ್ತೆ ಮುಂದಕ್ಕೆ ಓಡಿಸಿ, ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಐದು ಸಲ ಕೇಳಿಯೂ ತಿಳಿಯದ ಜಾಗದಲ್ಲಿ ಒಂದು ಗೆರೆ ಎಳೆದು ಖಾಲಿ ಬಿಡು. ಊಹಿಸಿ ತುಂಬಬೇಡ. ಆ ಖಾಲಿ ಗೆರೆಗಳೇ ನಿನ್ನ ನಿಜವಾದ ಪಾಠಗಳು.

ಈಗ ಬರಹ ತೆಗೆದು ಕೆಂಪು ಪೆನ್ನಿನಿಂದ ನೀನೇ ತಿದ್ದು. ಒಂದು ಸೋಜಿಗ ಕಾಣುತ್ತದೆ. ನಿನ್ನಿಂದ ತಪ್ಪಿಸಿಕೊಂಡವು ದೊಡ್ಡ ದೊಡ್ಡ ಪದಗಳಾಗಿರುವುದಿಲ್ಲ. 'ಹೈಪರ್‌ಟೆನ್ಷನ್' ಅನ್ನುವುದನ್ನು ಸರಿಯಾಗಿ ಬರೆದಿರುತ್ತೀಯ, ಅದರ ಅಕ್ಕಪಕ್ಕದ ಟು, ಆಫ್, ಹ್ಯಾಸ್, ಬೀನ್ ಬಿಟ್ಟಿರುತ್ತೀಯ. ಹೋಳಿಗೆ ಸಿಗದ ಆ ಬಡಪಾಯಿಗಳು! ಆ ಗೆರೆಯ ಜಾಗವನ್ನೇ ಮತ್ತೆ ಕೇಳು. ಮೊದಲು ಬರೀ ಗಾಳಿ ಅನ್ನಿಸಿದ ಕಡೆ ಈಗ ಪದ ಕೇಳಿಸುತ್ತದೆ. ರೆಕಾರ್ಡು ಅದೇ, ಕಿವಿ ಬದಲಾಗಿದೆ. ಆ ಕ್ಷಣದ ಸಂತೋಷವನ್ನು ನಾನು ಹೇಳಿ ನಿನಗೆ ಕೊಡಲಾರೆ, ನೀನೇ ಕಾಣಬೇಕು.

ಮೂರನೆಯದು ಬಾಯಿಯ ಕೆಲಸ. ವೇದ ಕಲಿಸುವವರು ಸಂಥೆ ಹೇಳಿಸುವುದನ್ನು ನೀನು ಮಠದಲ್ಲಿ ನೋಡಿರಬಹುದು. ಗುರು ಒಂದು ಸಲ ಹೇಳುತ್ತಾನೆ, ಶಿಷ್ಯರು ಎರಡು ಸಲ ಹೇಳುತ್ತಾರೆ. ಬರೀ ಅಕ್ಷರ ಹೇಳಿದರೆ ಸಾಲದು, ಏರು, ಇಳಿವು, ನಿಲುಗಡೆ ಎಲ್ಲ ಗುರುವಿನ ಹಾಗೇ ಬರಬೇಕು. ಹಾಗೇ ಇದಕ್ಕೂ. ಒಂದು ವಾಕ್ಯ ಕೇಳು, ನಿಲ್ಲಿಸಿ ಎರಡು ಸಲ ಗಟ್ಟಿಯಾಗಿ ಹೇಳು. ಮನಸ್ಸಿನಲ್ಲಿ ಹೇಳಿಕೊಂಡರೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ದಿನ ಕಳೆದಮೇಲೆ ನಿಲ್ಲಿಸದೆ, ಅವರ ಬೆನ್ನಿಗೇ ಅರ್ಧ ಪದದ ಅಂತರದಲ್ಲಿ, ಭಜನೆಯಲ್ಲಿ ದನಿಗೂಡಿಸಿದ ಹಾಗೆ ಹೇಳಿಕೊಂಡು ಹೋಗು. ಬಾಯಿ ಒಮ್ಮೆ 'ಗಿವಿಟಾಫ್ಟ' ಅಂತ ಕೂಡಿಸಿ ಆಡಲು ಕಲಿತರೆ, ಬೇರೆಯವರು ಹಾಗೆ ಆಡಿದ್ದು ಕಿವಿಗೆ ತಾನೇ ಬಿಡಿಸಿಕೊಳ್ಳಲು ಬರುತ್ತದೆ.

ಕೊನೆಯದಾಗಿ ನಿನ್ನ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರ ಒಂದು ನಿಮಿಷದ ಪಕ್ಕದಲ್ಲಿಟ್ಟು ಕೇಳು. ಮೊದಲ ಸಲ ಸಂಕಟವಾಗುತ್ತದೆ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆದರೂ ಕೇಳು. ಅಳಿಸಿ ಹಾಕಬೇಡ, ತಾರೀಖು ಬರೆದು ಇಟ್ಟುಕೋ. ಮೂರು ತಿಂಗಳ ನಂತರ ಅದನ್ನು ಕೇಳಿದಾಗ ನೀನು ಎಷ್ಟು ದಾರಿ ನಡೆದೆ ಅಂತ ಅದೇ ಹೇಳುತ್ತದೆ.

ಇಷ್ಟಕ್ಕೆ ಅರ್ಧ ಗಂಟೆ ಸಾಕು. ಬಸ್ಸಿನಲ್ಲಿ ಮಾಡುವ ಕೆಲಸ ಇದಲ್ಲ, ಕೋಣೆಯಲ್ಲಿ ಕೂತು ಮಾಡುವುದು. ಹೀಗೆ ಕಲಿತ ಹಳೆಯ ತುಣುಕುಗಳನ್ನು ಬಸ್ಸಿನಲ್ಲಿ ಮತ್ತೆ ಕೇಳು, ಅವು ಗಟ್ಟಿಯಾಗುತ್ತವೆ. ಅಲ್ಲೂ ಪಕ್ಕದವರು ಕರೆದರೆ ಕೇಳಿಸುವಷ್ಟೇ ದನಿ ಇಡು, ರಸ್ತೆ ದಾಟುವಾಗ ಎರಡೂ ಕಿವಿಯಿಂದ ತೆಗೆದುಬಿಡು. ಮುಂದೆ ವಿದೇಶಕ್ಕೆ ಹೋಗುವ ಆಸೆಯೂ ನಿನಗಿದೆ ಅಂತ ನಿಮ್ಮವ್ವ ಹೇಳಿದಳು. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಕೇಳಿ ಉತ್ತರಿಸುವ ಭಾಗಕ್ಕೆ ಸುಮಾರು 30 ನಿಮಿಷ, 40 ಪ್ರಶ್ನೆ. ರೆಕಾರ್ಡು ಹಚ್ಚುವುದು ಒಂದೇ ಸಲ. ಅಲ್ಲಿ ಒಂದೇ ಸಲಕ್ಕೆ ತಿಳಿಯಬೇಕಾದರೆ ಮನೆಯಲ್ಲಿ ಇಪ್ಪತ್ತು ಸಲ ಕೇಳಿದ ಕಿವಿ ಬೇಕು.

ಇನ್ನೊಂದು ಮಾತು, ಇದು ನಮ್ಮ ಗದಗಿನದೇ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ರೆಕಾರ್ಡು ಕೇಳಿ ಹುಚ್ಚು ಹತ್ತಿಸಿಕೊಂಡರು. ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಮನೆ ಬಿಟ್ಟು ಹೋದರು. ಬೇಕಿದ್ದರೆ ಆ ರೆಕಾರ್ಡನ್ನೇ ನೂರು ಸಲ ಕೇಳಿ ಅನುಕರಿಸುತ್ತ ಗದಗಿನಲ್ಲೇ ಇರಬಹುದಿತ್ತು. ಅದು ಸಾಲದು ಅಂತ ಆ ವಯಸ್ಸಿಗೇ ಅವರಿಗೆ ತಿಳಿದಿತ್ತು. ರೆಕಾರ್ಡು ಹಾಡುತ್ತದೆ, ಆದರೆ ನೀನು ತಪ್ಪಿದಾಗ ನಿಲ್ಲುವುದಿಲ್ಲ. ಗುರುವನ್ನು ಹುಡುಕುತ್ತ ಉತ್ತರದ ಊರೂರು ಅಲೆದರು. ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಇಲ್ಲೇ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ರೆಕಾರ್ಡಿನಲ್ಲಿ ಕೇಳಿದ ದನಿಯ ಬೇರು ಪಕ್ಕದ ಊರಿನಲ್ಲೇ ಇತ್ತು.

ನಿನಗೂ ಕುಂದಗೋಳ ದೂರವಿಲ್ಲ. ನಿನ್ನ ಕೋಣೆಯಲ್ಲೇ ಕೇರಳದ ಹುಡುಗಿ ಒಬ್ಬಳಿದ್ದಾಳೆ ಅಂದೆಯಲ್ಲ. ಅವಳಿಗೆ ಕನ್ನಡ ಬಾರದು, ನಿನಗೆ ಮಲಯಾಳಂ ಬಾರದು. ಅಡುಗೆಗೆ ಉಪ್ಪು ಎಷ್ಟು ಹಾಕಬೇಕು ಅನ್ನುವುದರಿಂದ ಹಿಡಿದು ಡ್ಯೂಟಿ ಬದಲಿಸಿಕೊಳ್ಳುವವರೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಆಡಿ. ಅವಳು "ಏನಂದೆ?" ಅಂತ ತಿರುಗಿ ಕೇಳಿದಳೆಂದರೆ ಅಲ್ಲಿ ನಿನ್ನ ಮಾತು ಸಡಿಲಾಗಿದೆ ಅಂತ ಅರ್ಥ. ಆ ಪ್ರಶ್ನೆಯನ್ನು ಯಾವ ಆಡಿಯೋ ಕೂಡ ಕೇಳುವುದಿಲ್ಲ.

ಉಚ್ಚಾರ ಇಂಗ್ಲೆಂಡಿನವರ ಹಾಗೇ ಆಗಬೇಕೇನು ಅಂತ ನೀನು ಕೇಳಬಹುದು. ಬೇಡ. ಅವರ ದನಿಯನ್ನು ಅಣಕಿಸುವ ಉಮೇದು ಬಂದರೆ ಅದನ್ನು ಸ್ನೇಹಸಮ್ಮೇಳನದ ನಾಟಕಕ್ಕೆ ಇಟ್ಟುಕೋ. ನೀನು ಹೇಳಿದ್ದು ಎದುರಿನವರಿಗೆ ಒಂದೇ ಸಲಕ್ಕೆ ತಿಳಿಯಬೇಕು, ಅವರು ಹೇಳಿದ್ದು ನಿನಗೆ ತಿಳಿಯಬೇಕು, ಅಷ್ಟೇ. 'ವೋಲ್ಡ್' ಅಂದರೂ ಮುದುಕ ಮುದುಕನೇ. ಆದರೆ ಕೋಲ್ಡ್‌ಗೂ ಗೋಲ್ಡ್‌ಗೂ, ಫಿಫ್ಟೀನ್‌ಗೂ ಫಿಫ್ಟಿಗೂ, ಕ್ಯಾನ್‌ಗೂ ಕ್ಯಾಂಟ್‌ಗೂ ಅಂತರ ಅಳಿಸಬಾರದು. ಕನ್ನಡವನ್ನು ಕೀಳು ಮಾಡಿಕೊಂಡೂ ಇಂಗ್ಲಿಷ್ ಕಲಿಯಬೇಡ. ಸಂಧಿ ಗೊತ್ತಿದ್ದುದಕ್ಕೇ ಈ ಕಾಗದದ ಅರ್ಧ ನಿನಗೆ ಸುಲಭವಾಗಿ ತಿಳಿಯಿತು. ನಿನ್ನ ವಾರ್ಡಿಗೆ ಹಾವೇರಿಯಿಂದಲೋ ಕೊಪ್ಪಳದಿಂದಲೋ ಬಂದ ಅಜ್ಜಿಗೆ ರಾತ್ರಿ ಎರಡು ಗಂಟೆಗೆ ಬೇಕಾಗುವುದು "ಯಾಕಬೇ ಯವ್ವಾ, ನೋವಾಗಾಕತ್ತೇತೇನು?" ಅನ್ನುವ ನಿನ್ನ ಮಾತೇ.

ಇನ್ನು ನನ್ನ ಕಿವಿಯ ಸುದ್ದಿ. ಹೋದ ತಿಂಗಳು ಡಾಕ್ಟರು ಮಶೀನು ಹಚ್ಚಿದರು. ವಯಸ್ಸಾದವರಿಗೆ ಮೊದಲು ಹೋಗುವುದು ಸಣ್ಣ, ಚೂಪು ದನಿಗಳಂತೆ: ಎಸ್, ಎಫ್ ಇಂಥವು. ನಾನು ಮೂವತ್ನಾಲ್ಕು ವರ್ಷ ಮಕ್ಕಳಿಗೆ 'ಕೊನೆಯ ಎಸ್ ಬಿಡಬೇಡ್ರೋ' ಅಂತ ಬಡಿದುಕೊಂಡವನು, ಈಗ ಆ ಎಸ್ ನನಗೇ ಕೇಳಿಸದು.

ಅದಕ್ಕೊಂದು ಏರ್ಪಾಡು ಮಾಡೋಣ. ನಾಳೆ ನೀನು ಆರಿಸಿದ ಒಂದು ನಿಮಿಷವನ್ನು ನನಗೂ ವಾಟ್ಸಾಪಿನಲ್ಲಿ ಕಳಿಸು. ನೀನು ಅಲ್ಲಿ ಬರೆ, ನಾನು ಇಲ್ಲಿ ಬರೆಯುತ್ತೇನೆ. ಬರಹ ಇಬ್ಬರೂ ನೋಡುವುದು ಬೇಡ. ರವಿವಾರ ಫೋನ್ ಮಾಡಿದಾಗ ಸಾಲು ಸಾಲಾಗಿ ಓದಿ ಹೋಲಿಸೋಣ. ನನಗೆ ಎಷ್ಟು ಗೆರೆ ಖಾಲಿ ಉಳಿದವು, ನಿನಗೆಷ್ಟು ಅಂತ ಎಣಿಸೋಣ. ನನಗೆ ಕೇಳಿಸದ ಎಸ್‌ಗಳನ್ನು ನೀನು ಹೇಳು.

ಕೆಂಪು ಪೆನ್ನು ನಿನ್ನ ಕೈಯಲ್ಲಿರಲಿ.